ಸಿಗಾರ್ ಸಂಪುಟದ ಗಾಳಿಯೂ ನೀರೂ

ಕ್ಯೂಬಾ ದ್ವೀಪದ ಪಶ್ಚಿಮ ಭಾಗದ ಪಿನಾರ್ ದೆಲ್ ರಿಯೊ ಪ್ರಾಂತದಲ್ಲಿ, ವುಯೆಲ್ತಾ ಅಬಾಹೊ ಎಂಬ ಸೀಮೆಯಲ್ಲಿ ಬೆಳೆದ ಹೊಗೆಸೊಪ್ಪು ಹವಾನಾ ನಗರದ ಕಾರ್ಖಾನೆಗಳಲ್ಲಿ ನುರಿತ ಕೈಗಳಿಂದ ಸಿಗಾರಾಗಿ ಸುತ್ತಲ್ಪಟ್ಟು, ಅಟ್ಲಾಂಟಿಕ್ ಸಾಗರವನ್ನು ದಾಟಿ, ಲಂಡನ್ನಿನಲ್ಲಿಯೋ ಜಿನೀವಾದಲ್ಲಿಯೋ ಒಬ್ಬ ಗೃಹಸ್ಥನ ಮೇಜಿನ ಮೇಲಣ ಪೆಟ್ಟಿಗೆಯನ್ನು ಸೇರುವಾಗ, ತನ್ನ ತೂಕದಲ್ಲಿ ನೂರಕ್ಕೆ ಸುಮಾರು ಹದಿಮೂರು ಪಾಲಿನಷ್ಟು ನೀರನ್ನೂ ತನ್ನೊಡನೆ ತಂದಿರುತ್ತದೆ. ಈ ನೀರು ಕಡಮೆಯಾದರೆ ಹೊರಹೊದಿಕೆಯ ಎಲೆ ಬಿರಿಯುತ್ತದೆ, ಸುಗಂಧದ ತೈಲಗಳು ಹಾರಿಹೋಗುತ್ತವೆ, ಸಿಗಾರು ಬಲುಬೇಗ ಬಿಸಿಯಾಗಿ ಉರಿದು ಹೊಗೆ ಕಟುವಾಗುತ್ತದೆ. ಅದೇ ನೀರು ಮಿತಿಮೀರಿದರೆ ಎಲೆ ಉಬ್ಬಿ ಗಾಳಿಯ ದಾರಿ ಮುಚ್ಚಿಹೋಗುತ್ತದೆ, ಉರಿ ಒಂದು ಕಡೆಗೆ ವಾಲುತ್ತದೆ, ಕಡೆಗೆ ಬೂಷ್ಟು ಹತ್ತುತ್ತದೆ. ಈ ಎರಡು ಅನರ್ಥಗಳ ನಡುವಣ ಇಕ್ಕಟ್ಟಾದ ಹಾದಿಯಲ್ಲಿ ಎಲೆಯನ್ನು ತಿಂಗಳುಗಟ್ಟಲೆ, ವರ್ಷಗಟ್ಟಲೆ ನಡೆಸಿಕೊಂಡು ಹೋಗುವುದಕ್ಕಾಗಿ ನಿರ್ಮಿತವಾದ ಸಂಪುಟವೇ ಹ್ಯೂಮಿಡಾರ್. ಧೂಮಪಾನದಿಂದ ಒದಗುವ ಕೇಡನ್ನು ವೈದ್ಯಶಾಸ್ತ್ರವು ಸಂದೇಹಕ್ಕೆಡೆಯಿಲ್ಲದಂತೆ ಸ್ಥಾಪಿಸಿದೆ. ಇಲ್ಲಿ ನನ್ನ ಆಸಕ್ತಿ ಇರುವುದು ಎಲೆಯನ್ನು ಕಾಯುವ ವಿದ್ಯೆಯಲ್ಲಿ, ಏಕೆಂದರೆ ಗಾಳಿ, ನೀರು, ಮರ, ಶಾಖ ಇವು ನಾಲ್ಕೂ ಇಷ್ಟು ಸಣ್ಣ ಅವಕಾಶದಲ್ಲಿ ಒಂದರೊಡನೊಂದು ವ್ಯವಹರಿಸುವುದನ್ನು ಕಾಣುವ ಅವಕಾಶ ಬೇರೆಡೆ ವಿರಳ.

ಈ ವಿದ್ಯೆಯ ಬಗೆಗೆ ಅಭಿಪ್ರಾಯಗಳು ಬಹಳ. ಪೆಟ್ಟಿಗೆಯೊಳಗೆ ಗಾಳಿ ಸದಾ ಚಲಿಸುತ್ತಿರಬೇಕೆಂದು ಚಿಕ್ಕ ಫ್ಯಾನುಗಳನ್ನು ಕೂರಿಸುವವರು ಒಂದು ಪಕ್ಷ. ಎಲೆಯನ್ನು ನಿಶ್ಚಲವಾದ ಗಾಳಿಯಲ್ಲಿ ಬಿಟ್ಟುಬಿಡಬೇಕೆನ್ನುವವರು ಇನ್ನೊಂದು ಪಕ್ಷ. ಆರ್ದ್ರತೆಯ ಮುಳ್ಳು ನೂರಕ್ಕೆ ಎಪ್ಪತ್ತರಿಂದ ಎರಡಂಶ ಇಳಿದರೂ ಕಳವಳಗೊಳ್ಳುವವರು ಮತ್ತೊಂದು ಪಕ್ಷ. ಇವರೆಲ್ಲರ ವಾದಗಳನ್ನೂ ಕೂಡಿಸಿ ನೋಡಿದಾಗ ನನಗೆ ದೃಢವಾಗಿ ತೋರುವುದೇನೆಂದರೆ, ಎಲ್ಲರೂ ಗಾಳಿಗೆ ಅದಕ್ಕೆ ಸಲ್ಲದಷ್ಟು ಪ್ರಾಧಾನ್ಯವನ್ನು ಕೊಟ್ಟಿದ್ದಾರೆ ಎಂಬುದು. ಸಂಪುಟದ ಖಜಾನೆ ಎಲೆಯಲ್ಲಿದೆ, ಮರದಲ್ಲಿದೆ; ಗಾಳಿ ಅವೆರಡರ ನಡುವೆ ಓಡಾಡುವ ಓಲೆಕಾರ ಮಾತ್ರ.

ಹ್ಯೂಮಿಡಾರ್ ಎಂಬುದು ಎಲೆಯ ಬಾಳಿನಲ್ಲಿ ಅಕಸ್ಮಾತ್ತಾಗಿ ಬಂದ ಮನೆಯಲ್ಲ. ಹೊಲವನ್ನು ಬಿಟ್ಟಂದಿನಿಂದ ಅದು ವಾಸಿಸಿದ ಮನೆಗಳೆಲ್ಲ ಆರ್ದ್ರತೆಯನ್ನು ಆಳುವ ಮನೆಗಳೇ. ಕ್ಯೂಬಾದಲ್ಲಿ ಎಲೆ ಒಣಗಿಸುವ ಕೊಟ್ಟಿಗೆಗಳನ್ನು ಪೂರ್ವಪಶ್ಚಿಮವಾಗಿ ಕಟ್ಟುತ್ತಾರೆ. ಬೆಳಗಿನ ಬಿಸಿಲು ಒಂದು ತುದಿಯ ಕಿರುಗೋಡೆಗೂ ಸಂಜೆಯ ಬಿಸಿಲು ಇನ್ನೊಂದು ತುದಿಯ ಕಿರುಗೋಡೆಗೂ ತಾಗುವುದೇ ಹೊರತು ಉದ್ದನೆಯ ಮೈಗೆ ತಾಗದು. ಒಳಗೆ ಕೋಲುಗಳ ಮೇಲೆ ತೂಗುವ ಎಲೆಗಳಿಗೆ ಬೇಕಾದ ತೇವವನ್ನು ಬಾಗಿಲುಗಳನ್ನು ತೆರೆದು ಮುಚ್ಚಿಯೇ ಹದಗೊಳಿಸುತ್ತಾರೆ. ನಮ್ಮ ಹುಣಸೂರು ಪಿರಿಯಾಪಟ್ಟಣಗಳ ರೈತರು ಬೆಳೆಯುವುದು ಸಿಗರೇಟಿಗೆ ಸಲ್ಲುವ ಬೇರೊಂದು ಜಾತಿಯ ಸೊಪ್ಪನ್ನು, ಹದಗೊಳಿಸುವುದು ಬೆಂಕಿಯ ಶಾಖದಿಂದ. ಆದರೂ ಬ್ಯಾರನ್ ಎಂಬ ಕೊಟ್ಟಿಗೆಯೊಳಗೆ ಒಣಗಿ ಗರಿಗರಿಯಾದ ಎಲೆಯನ್ನು ಹಾಗೆಯೇ ಮುಟ್ಟಿದರೆ ಪುಡಿಯಾಗುವುದೆಂದು ಅರಿತು, ಬಾಗಿಲು ಗವಾಕ್ಷಗಳನ್ನು ತೆರೆದಿಟ್ಟು, ಹೊರಗಿನ ತಂಪುಗಾಳಿಯಿಂದ ಅದು ತೇವವನ್ನು ಹೀರಿ ಮೆತ್ತಗಾಗುವ ತನಕ ಕಾಯುವ ಜಾಣ್ಮೆ ಅವರಲ್ಲಿಯೂ ಉಂಟು. ಕ್ಯೂಬಾದ ಎಲೆ ಮುಂದೆ ರಾಶಿಗಳಲ್ಲಿ ಹುದುಗಿ, ಸುತ್ತುವುದಕ್ಕೆ ಮುನ್ನ ಮತ್ತೆ ನೀರಿನಿಂದ ನೆನೆಸಲ್ಪಟ್ಟು, ಸಿಗಾರಾದ ಬಳಿಕ ಎಸ್ಕಪರಾತೆ ಎಂಬ ಸಿಡಾರ್ ಮರದ ಕಪಾಟುಗಳಲ್ಲಿ ಹೆಚ್ಚಿನ ತೇವವನ್ನು ನಿಧಾನವಾಗಿ ಬಿಟ್ಟುಕೊಡುತ್ತದೆ. ಗೃಹಸ್ಥನ ಮೇಜಿನ ಪೆಟ್ಟಿಗೆ ಆ ಕಪಾಟಿನ ಚಿಕ್ಕ ಪ್ರತಿರೂಪವೇ ಆಗಿದೆ.

ಮುಂದಿನ ವಿಚಾರಕ್ಕೆಲ್ಲ ಆಧಾರವಾಗುವ ಒಂದು ತತ್ತ್ವವನ್ನು ಇಲ್ಲಿ ಹೇಳಬೇಕು. ಒಂದು ಘನಮೀಟರ್ ಅವಕಾಶವು ೨೦ ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ ಹೆಚ್ಚೆಂದರೆ ೧೭.೩ ಗ್ರಾಂ ನೀರಾವಿಯನ್ನು ಧರಿಸಬಲ್ಲದು. ೩೦ ಡಿಗ್ರಿಯಲ್ಲಿ ಈ ಸಾಮರ್ಥ್ಯ ೩೦.೪ ಗ್ರಾಮಿಗೆ ಏರುತ್ತದೆ, ೧೦ ಡಿಗ್ರಿಯಲ್ಲಿ ೯.೪ಕ್ಕೆ ಇಳಿಯುತ್ತದೆ. ಹೊತ್ತೊಯ್ಯಬಲ್ಲ ಪರಮಾವಧಿಯಲ್ಲಿ ಎಷ್ಟು ಪಾಲು ತುಂಬಿದೆ ಎಂಬುದನ್ನು ಸಾಪೇಕ್ಷ ಆರ್ದ್ರತೆಯೆಂದು ಕರೆಯುತ್ತೇವೆ. ಆವಿ ತನ್ನ ಒತ್ತಡವನ್ನು ಗಾಳಿಯ ಹಂಗಿಲ್ಲದೆ ತಾನೇ ಬೀರುತ್ತದೆಂಬುದನ್ನು ಜಾನ್ ಡಾಲ್ಟನ್ ಹತ್ತೊಂಬತ್ತನೆಯ ಶತಮಾನದ ಆರಂಭದಲ್ಲಿಯೇ ಸ್ಪಷ್ಟಪಡಿಸಿದನು. ಹಾಗಾಗಿ ಗಾಳಿ ನೀರನ್ನು ಸ್ಪಂಜಿನಂತೆ ಹೀರಿಕೊಳ್ಳುತ್ತದೆಂಬ ರೂಢಿಯ ಭಾವನೆ ಕಟ್ಟುನಿಟ್ಟಾಗಿ ನಿಜವಲ್ಲ. ಯುರೋಪಿನ ಚಳಿಗಾಲದಲ್ಲಿ ಸಿಗಾರು ಒಣಗುವುದೇಕೆಂಬುದು ಇಷ್ಟರಿಂದಲೇ ತಿಳಿಯುತ್ತದೆ: ಹೊರಗೆ ಸೊನ್ನೆ ಡಿಗ್ರಿಯ ಗಾಳಿ ಸಂತೃಪ್ತವಾಗಿದ್ದರೂ ಅದರಲ್ಲಿರುವುದು ಘನಮೀಟರಿಗೆ ಐದು ಗ್ರಾಮಿಗೂ ಕಡಮೆ ನೀರು, ಅದೇ ಗಾಳಿ ಮನೆಯೊಳಗೆ ಬಂದು ೨೦ ಡಿಗ್ರಿಗೆ ಕಾದಾಗ ಅದರ ಸಾಪೇಕ್ಷ ಆರ್ದ್ರತೆ ನೂರಕ್ಕೆ ಮೂವತ್ತನ್ನು ಕೂಡ ಮುಟ್ಟುವುದಿಲ್ಲ.

ಈಗ ಒಂದು ಸಾಮಾನ್ಯ ಪೆಟ್ಟಿಗೆಯ ಲೆಕ್ಕವನ್ನು ನೋಡೋಣ. ಮೂವತ್ತು ಸೆಂಟಿಮೀಟರ್ ಉದ್ದ, ಇಪ್ಪತ್ತು ಅಗಲ, ಹದಿನೈದು ಆಳದ ಸಂಪುಟದಲ್ಲಿ ಒಂಬತ್ತು ಲೀಟರ್ ಅವಕಾಶವಿದೆ. ೨೦ ಡಿಗ್ರಿಯಲ್ಲಿ, ಎಪ್ಪತ್ತರ ಆರ್ದ್ರತೆಯಲ್ಲಿ, ಅಷ್ಟು ಗಾಳಿಯಲ್ಲಿರುವ ನೀರಿನ ಒಟ್ಟು ತೂಕ ಗ್ರಾಮಿನ ಹತ್ತನೆಯ ಒಂದು ಪಾಲಿಗೆ ತುಸು ಹೆಚ್ಚು, ಎಂದರೆ ಎರಡು ಮೂರು ಹನಿ. ಅದೇ ಪೆಟ್ಟಿಗೆಯಲ್ಲಿ ತಲಾ ಹನ್ನೆರಡು ಗ್ರಾಂ ತೂಗುವ ಇಪ್ಪತ್ತೈದು ಸಿಗಾರುಗಳಿದ್ದರೆ ಅವುಗಳ ಎಲೆಯಲ್ಲಿ ಸುಮಾರು ನಲವತ್ತು ಗ್ರಾಂ ನೀರಿರುತ್ತದೆ. ಮರದ ಗೋಡೆಗಳು ಹೀರಿಕೊಂಡ ನೀರು ಇದಕ್ಕೆ ಹೊರತು. ಗಾಳಿಯಲ್ಲಿರುವುದರ ಮುನ್ನೂರು ಪಾಲಿಗೂ ಮಿಗಿಲಾದ ನೀರು ಎಲೆಯಲ್ಲಿರುವಾಗ, ಮುಚ್ಚಳ ತೆರೆದೊಡನೆ ಒಳಗಿನ ಗಾಳಿಯೆಲ್ಲ ಹೊರಹೋಗಿ ಕೋಣೆಯ ಒಣಗಾಳಿ ನುಗ್ಗಿತೆಂದೇ ಇಟ್ಟುಕೊಂಡರೂ, ಆ ನಷ್ಟವನ್ನು ತುಂಬಲು ಎಲೆ ತನ್ನ ನೀರಿನ ಆರುನೂರರಲ್ಲೊಂದು ಪಾಲನ್ನು ತೆತ್ತರೆ ಸಾಕು. ಮಾಪಕದ ಮುಳ್ಳು ಒಮ್ಮೆಲೆ ಇಳಿಯುವುದು ನಿಜ. ಇಳಿದದ್ದು ಗಾಳಿಯ ಆರ್ದ್ರತೆ, ಎಲೆಯದಲ್ಲ. ಮುಚ್ಚಳ ಮುಚ್ಚಿ ಅರ್ಧ ತಾಸು ಕಳೆಯುವಷ್ಟರಲ್ಲಿ ಮುಳ್ಳು ಹಿಂದಿನ ಜಾಗಕ್ಕೆ ಬರತೊಡಗಿದರೆ ಎಲೆ ಸುಸ್ಥಿತಿಯಲ್ಲಿದೆಯೆಂದು ತಿಳಿಯಬಹುದು. ಬಾರದೆ ಹೋದರೆ ಖಜಾನೆಯೇ ಬರಿದಾಗಿದೆ, ಇಲ್ಲವೆ ಮುಚ್ಚಳದ ಅಂಚಿನಲ್ಲಿ ಎಲ್ಲಿಯೋ ಬಿರುಕಿದೆ. ಆಗಾಗ ತೆರೆಯುವುದರಿಂದ ಆಗುವ ಹಾನಿಗಿಂತ, ಹಗಲಿರುಳು ಸೋರುವ ಸಣ್ಣ ಸಂದಿನಿಂದ ಆಗುವ ಹಾನಿ ಎಷ್ಟೋ ದೊಡ್ಡದು.

ಇನ್ನೊಂದು ತಪ್ಪು ತಿಳಿವಳಿಕೆಯನ್ನು ಕುರಿತು ಸ್ವಲ್ಪ ವಿಸ್ತಾರವಾಗಿಯೇ ಹೇಳಬೇಕಾಗಿದೆ, ಏಕೆಂದರೆ ಅದು ಕೋಷ್ಟಕಗಳ ರೂಪದಲ್ಲಿ ಅಚ್ಚಾಗಿ ಶಾಸ್ತ್ರದ ಗೌರವವನ್ನು ಸಂಪಾದಿಸಿಕೊಂಡಿದೆ. ೨೧ ಡಿಗ್ರಿ ಶಾಖದಲ್ಲಿ ಎಪ್ಪತ್ತರ ಆರ್ದ್ರತೆ ಸರಿಯಾದುದಾದರೆ, ಶಾಖ ಇಳಿದಾಗ ಆರ್ದ್ರತೆಯನ್ನು ಎಂಬತ್ತಕ್ಕೋ ತೊಂಬತ್ತಕ್ಕೋ ಏರಿಸಿ ಗಾಳಿಯಲ್ಲಿರುವ ನೀರಿನ ತೂಕವನ್ನು ಮೊದಲಿನಷ್ಟೇ ಇರಿಸಬೇಕೆಂದು ಆ ಕೋಷ್ಟಕಗಳು ವಿಧಿಸುತ್ತವೆ. ಎಲೆಯ ಸ್ವಭಾವ ಹಾಗಿಲ್ಲ. ಎಲೆ, ಮರ, ಕಾಗದ, ಹತ್ತಿ ಮುಂತಾದ ಸಸ್ಯಜನ್ಯ ವಸ್ತುಗಳೆಲ್ಲವೂ ತಮ್ಮೊಳಗಿನ ನೀರನ್ನು ಗಾಳಿಯ ಸಾಪೇಕ್ಷ ಆರ್ದ್ರತೆಗೆ ತಕ್ಕಂತೆ ಹೊಂದಿಸಿಕೊಳ್ಳುತ್ತವೆಯೇ ಹೊರತು ಗಾಳಿಯಲ್ಲಿ ಎಷ್ಟು ಗ್ರಾಂ ಆವಿ ಇದೆಯೆಂದು ಗಣಿಸುವುದಿಲ್ಲ. ಶಾಖದ ವ್ಯತ್ಯಾಸದಿಂದ ಈ ಸಮಸ್ಥಿತಿ ಅಲ್ಪಸ್ವಲ್ಪ ಸರಿದಾಡುವುದುಂಟು, ಅದೂ ತಂಪಿನಲ್ಲಿ ಎಲೆ ಕೊಂಚ ಹೆಚ್ಚು ನೀರನ್ನೇ ಹಿಡಿದಿಡುವ ದಿಕ್ಕಿಗೆ. ಆದುದರಿಂದ ಕೋಷ್ಟಕವನ್ನು ನಂಬಿ ತಣ್ಣನೆಯ ಪೆಟ್ಟಿಗೆಗೆ ಎಂಬತ್ತೈದರ ಆರ್ದ್ರತೆಯನ್ನು ಕೊಟ್ಟವನ ಪಾಲಿಗೆ ಉಳಿಯುವುದು ಬೂಷ್ಟು ಹಿಡಿದ ಎಲೆ. ಕ್ಯೂಬಾದ ವ್ಯಾಪಾರ ಸಂಸ್ಥೆಯಾದ ಹಬಾನೊಸ್ ಸೂಚಿಸುವುದು ೧೬ರಿಂದ ೧೮ ಡಿಗ್ರಿ ಶಾಖವನ್ನು, ೬೫ರಿಂದ ೭೦ರ ಆರ್ದ್ರತೆಯನ್ನು. ಅಮೆರಿಕದಲ್ಲಿ ಪ್ರಚುರವಾದ ನಿಯಮ ೭೦ ಡಿಗ್ರಿ ಫ್ಯಾರನ್‌ಹೀಟಿಗೆ ೭೦ರ ಆರ್ದ್ರತೆ. ಶಾಖದಲ್ಲಿ ಇವೆರಡಕ್ಕೂ ಅಂತರವಿದ್ದರೂ ಆರ್ದ್ರತೆಯಲ್ಲಿ ಹೆಚ್ಚಿನ ಅಂತರವಿಲ್ಲವೆಂಬುದನ್ನು ಗಮನಿಸಬೇಕು.

ಸಂಪುಟದ ಮರದ ಮಾತಿಗೆ ಬರೋಣ. ೧೯೬೧ರಲ್ಲಿ ನಟ ಮಿಲ್ಟನ್ ಬರ್ಲ್ ಅಧ್ಯಕ್ಷ ಕೆನಡಿಗೆ ಕಾಣಿಕೆಯಿತ್ತ ಹ್ಯೂಮಿಡಾರ್ ೧೯೯೬ರ ಸದಬಿ ಹರಾಜಿನಲ್ಲಿ ಐದು ಲಕ್ಷ ಎಪ್ಪತ್ತು ಸಾವಿರಕ್ಕೂ ಹೆಚ್ಚು ಡಾಲರುಗಳಿಗೆ ಮಾರಾಟವಾಯಿತು. ಹೊರಗಿನ ಕೀರ್ತಿಗೆ ಬೆಲೆ ಹೀಗಿದ್ದರೂ ಎಲೆಗೆ ಉಪಕಾರ ಮಾಡುವುದು ಒಳಮೈಗೆ ಹೊದಿಸಿದ, ವಾರ್ನಿಷು ಕಾಣದ ಸಿಡಾರ್ ಹಲಗೆಯೇ. ಸ್ಪ್ಯಾನಿಷ್ ಸಿಡಾರ್ ಎಂದು ಹೆಸರಾದ ಈ ಮರ ಸ್ಪೇನಿನದೂ ಅಲ್ಲ, ನಿಜವಾದ ದೇವದಾರುವಿನ ಜಾತಿಯದೂ ಅಲ್ಲ. ಸಿಡ್ರೆಲಾ ಒಡೊರಾಟಾ ಎಂಬ ಮಧ್ಯ ಅಮೆರಿಕದ ಈ ವೃಕ್ಷ ನಮ್ಮ ಬೇವಿನ ಕುಟುಂಬಕ್ಕೆ ಸೇರಿದ್ದು, ಪಶ್ಚಿಮಘಟ್ಟದ ಕಾಡುಗಳಲ್ಲಿ ಬೆಳೆಯುವ ತೂನ್ ಅಥವಾ ನಂದಿವೃಕ್ಷಕ್ಕೆ ಹತ್ತಿರದ ಸಂಬಂಧಿ. ನಂದಿವೃಕ್ಷವನ್ನು ಸಸ್ಯಶಾಸ್ತ್ರಜ್ಞರು ಹಿಂದೆ ಅದೇ ಸಿಡ್ರೆಲಾ ಕುಲದಲ್ಲಿ ಎಣಿಸುತ್ತಿದ್ದರು. ಹಗುರವಾಗಿಯೂ ಸುಗಂಧಿಯಾಗಿಯೂ ಇದ್ದು, ತೇವವನ್ನು ಧಾರಾಳವಾಗಿ ಹೀರಿಯೂ ಬಿಟ್ಟೂ ಕೊಟ್ಟು, ಹಾಗೆ ಮಾಡುವಾಗ ಹೆಚ್ಚು ಸೊಟ್ಟಗಾಗದೆ ಉಳಿಯುವುದು ಅದರ ಗುಣ. ಹೊಸ ಪೆಟ್ಟಿಗೆಯ ಒಣಗಿದ ಮರ ಎಲೆಯಿಂದಲೇ ನೀರನ್ನು ಸೆಳೆಯುತ್ತದೆಯಾದ್ದರಿಂದ, ಒಳಗೆ ತೇವದ ಮೂಲವೊಂದನ್ನಿಟ್ಟು ಒಂದೆರಡು ವಾರ ಬರಿದಾಗಿಯೇ ಮುಚ್ಚಿಡುವುದು ಅವಶ್ಯ. ಒದ್ದೆಬಟ್ಟೆಯಿಂದ ಹಲಗೆಯನ್ನು ಒರೆಸಿ ಆ ಕಾಲವನ್ನು ಕಡಮೆ ಮಾಡುವ ಆತುರ ಮರವನ್ನು ಸೀಳಿಸೀತು. ಅತಿಯಾದ ಕಡಿತದಿಂದ ಕ್ಷೀಣಿಸುತ್ತಿರುವ ಈ ವೃಕ್ಷದ ಅಂತರರಾಷ್ಟ್ರೀಯ ವ್ಯಾಪಾರವನ್ನು ಸೈಟಿಸ್ ಒಪ್ಪಂದ ೨೦೨೦ರಿಂದ ಹೆಚ್ಚು ಬಿಗಿಯಾದ ಹತೋಟಿಗೆ ಒಳಪಡಿಸಿದೆ.

ತೇವವನ್ನು ಒದಗಿಸುವ ಸಾಧನಗಳಲ್ಲಿ ಅತ್ಯಂತ ಸರಳವಾದದ್ದು ಬಟ್ಟಿಯಿಳಿಸಿದ ನೀರಿನಲ್ಲಿ ನೆನೆದ ಸ್ಪಂಜು. ಅದು ಕೊಡಬಲ್ಲದು, ಹಿಂದೆಗೆದುಕೊಳ್ಳಲಾರದು. ಎಲೆ ಅದನ್ನು ಕುಡಿಯುತ್ತಲೇ ಹೋಗುತ್ತದೆ. ಪ್ರೊಪಿಲೀನ್ ಗ್ಲೈಕಾಲನ್ನೂ ನೀರನ್ನೂ ಸಮಭಾಗ ಬೆರೆಸಿದರೆ ಆ ಮಿಶ್ರಣ ಎಪ್ಪತ್ತರ ಸುಮಾರಿನಲ್ಲಿ ಗಾಳಿಯನ್ನು ತಡೆದು ನಿಲ್ಲಿಸುತ್ತದೆ, ಬೂಷ್ಟಿಗೂ ಎಡೆಗೊಡುವುದಿಲ್ಲ. ನೀರು ಆವಿಯಾಗಿ ಹೋದರೂ ಗ್ಲೈಕಾಲು ಉಳಿದುಕೊಳ್ಳುವುದರಿಂದ ಆಮೇಲೆ ತುಂಬತಕ್ಕದ್ದು ಬರಿಯ ನೀರನ್ನೇ. ನನ್ನ ದೃಷ್ಟಿಯಲ್ಲಿ ಇವೆಲ್ಲಕ್ಕೂ ಶ್ರೇಷ್ಠವಾದದ್ದು ಲವಣಗಳ ಮಾರ್ಗ. ಕರಗದ ಕಣಗಳು ಇನ್ನೂ ತಳದಲ್ಲಿ ಉಳಿದಿರುವ ಗಟ್ಟಿ ಉಪ್ಪುನೀರು ತನ್ನ ಮೇಲಣ ಗಾಳಿಯನ್ನು ಒಂದು ನಿಯತವಾದ ಆರ್ದ್ರತೆಯಲ್ಲಿ ನಿಲ್ಲಿಸುತ್ತದೆ; ಗಾಳಿ ಒಣಗಿದರೆ ನೀರನ್ನು ಕೊಡುತ್ತದೆ, ತೇವ ಹೆಚ್ಚಿದರೆ ಹೀರಿಕೊಳ್ಳುತ್ತದೆ. ೨೫ ಡಿಗ್ರಿಯಲ್ಲಿ ಅಡುಗೆಯ ಉಪ್ಪು ೭೫.೩ರಲ್ಲಿಯೂ ಪೊಟ್ಯಾಸಿಯಂ ಅಯೊಡೈಡ್ ೬೮.೯ರಲ್ಲಿಯೂ ಸೋಡಿಯಂ ಬ್ರೋಮೈಡ್ ೫೭.೬ರಲ್ಲಿಯೂ ಗಾಳಿಯನ್ನು ನಿಲ್ಲಿಸುತ್ತವೆಂದು ಅಮೆರಿಕದ ಮಾನಕ ಸಂಸ್ಥೆಯಿಂದ ಗ್ರೀನ್‌ಸ್ಪ್ಯಾನ್ ೧೯೭೭ರಲ್ಲಿ ಪ್ರಕಟಿಸಿದ ಕೋಷ್ಟಕಗಳು ತೋರಿಸುತ್ತವೆ. ಇಂದು ಅಂಗಡಿಗಳಲ್ಲಿ ದೊರೆಯುವ, ಎರಡು ದಿಕ್ಕಿನಲ್ಲಿಯೂ ಕೆಲಸ ಮಾಡುವ ಚೀಲಗಳ ಹಿಂದಿರುವುದು ಇದೇ ತತ್ತ್ವ. ಆವಿ ಹಾದುಹೋಗಿ ದ್ರವ ಹಾದುಹೋಗದ ಪೊರೆಯೊಳಗೆ ಲವಣದ ದ್ರಾವಣ ಅಡಗಿರುತ್ತದೆ.

ಗಾಳಿಯ ಸಂಚಾರ ಬೇಕೇ ಬೇಡವೇ ಎಂಬ ಪ್ರಶ್ನೆಯನ್ನು ಈಗ ಎತ್ತಿಕೊಳ್ಳಬಹುದು. ಅದಕ್ಕೆ ಒಂದೇ ಉತ್ತರವಿಲ್ಲ. ಪೆಟ್ಟಿಗೆಯ ಗಾತ್ರವೇ ಉತ್ತರವನ್ನು ನಿರ್ಣಯಿಸುತ್ತದೆ. ನಿಶ್ಚಲವಾದ ಗಾಳಿಯಲ್ಲಿಯೂ ನೀರಿನ ಅಣುಗಳು ತಮ್ಮಷ್ಟಕ್ಕೆ ಹರಡಿಕೊಳ್ಳುತ್ತವೆ, ಆದರೆ ಈ ವಿಸರಣದ ಕಾಲ ದೂರದ ವರ್ಗಕ್ಕೆ ಅನುಗುಣವಾಗಿ ಬೆಳೆಯುತ್ತದೆ: ಹತ್ತು ಸೆಂಟಿಮೀಟರ್ ದೂರಕ್ಕೆ ಆರೇಳು ನಿಮಿಷ ಸಾಕಾದರೆ, ಇಪ್ಪತ್ತಕ್ಕೆ ಅರ್ಧ ತಾಸು, ಒಂದು ಮೀಟರಿಗೆ ಹನ್ನೊಂದು ತಾಸಿನಷ್ಟು. ಮೇಜಿನ ಪೆಟ್ಟಿಗೆಗೆ ಫ್ಯಾನು ಏಕೆ ಅನಾವಶ್ಯಕ, ಆಳೆತ್ತರದ ಕಪಾಟಿಗೆ ಅದು ಏಕೆ ಆವಶ್ಯಕ ಎಂಬುದು ಈ ಅಂಕಿಗಳಿಂದಲೇ ವಿಶದವಾಗುತ್ತದೆ. ದಾರಿಯುದ್ದಕ್ಕೂ ಸಿಗಾರುಗಳೂ ಹಲಗೆಗಳೂ ಆವಿಯನ್ನು ಹೀರುತ್ತ ನಿಂತಿರುವಾಗ ನಿಜವಾದ ಕಾಲ ಇದಕ್ಕಿಂತ ಎಷ್ಟೋ ಹೆಚ್ಚು. ಮೂಲದ ಬಳಿಯ ಎಲೆ ತೊಯ್ದು ಉಬ್ಬಿರುವಾಗ ದೂರದ ಮೂಲೆಯ ಎಲೆ ಇನ್ನೂ ಬಾಯಾರಿರುತ್ತದೆ.

ತೇವದ ಗಾಳಿ ಭಾರವಾದದ್ದರಿಂದ ಕೆಳಗೆ ಇಳಿಯುತ್ತದೆಂದು ನಂಬಿ, ಸಾಧನವನ್ನು ಮುಚ್ಚಳಕ್ಕೇ ತಗುಲಿಸುವವರುಂಟು. ನೀರಿನ ಅಣು ಗಾಳಿಯ ಸರಾಸರಿ ಅಣುವಿಗಿಂತ ಹಗುರ, ಹದಿನೆಂಟಕ್ಕೆ ಇಪ್ಪತ್ತೊಂಬತ್ತರಂತೆ. ತೇವದ ಗಾಳಿ ಒಣಗಾಳಿಗಿಂತ ಹಗುರವೇ. ಆದರೆ ಆ ವ್ಯತ್ಯಾಸವೂ ಅತ್ಯಲ್ಪ: ಅರವತ್ತರ ಗಾಳಿಗೂ ಎಪ್ಪತ್ತೈದರ ಗಾಳಿಗೂ ಇರುವ ಭಾರದ ಅಂತರವನ್ನು ಅರ್ಧ ಡಿಗ್ರಿಯ ಶಾಖವ್ಯತ್ಯಾಸ ಅಳಿಸಿಹಾಕಬಲ್ಲದು. ಹಾಗಾಗಿ ಕಪಾಟಿನೊಳಗೆ ಗಾಳಿಯನ್ನು ಆಳುವುದು ಶಾಖ. ತಣ್ಣನೆಯ ಗಾಳಿ ತಳದಲ್ಲಿ ನೆಲೆಸುತ್ತದೆ. ಆವಿಯ ಪ್ರಮಾಣ ಎಲ್ಲೆಡೆಯೂ ಸಮನಾಗಿದ್ದರೂ, ೨೦ ಡಿಗ್ರಿಯಲ್ಲಿ ಎಪ್ಪತ್ತಾಗಿದ್ದ ಆರ್ದ್ರತೆ ೧೯ ಡಿಗ್ರಿಯ ಮೂಲೆಯಲ್ಲಿ ಎಪ್ಪತ್ತನಾಲ್ಕಾಗುತ್ತದೆ, ೧೮ರಲ್ಲಿ ಎಪ್ಪತ್ತೆಂಟನ್ನು ದಾಟುತ್ತದೆ. ಮೇಲ್ತಟ್ಟೆಯ ಸಿಗಾರು ಒಣಗಿತೆಂದೂ ಕೆಳತಟ್ಟೆಯದಕ್ಕೆ ಬೂಷ್ಟು ಬಂತೆಂದೂ ಮರುಗುವವರು ಮೊದಲು ನೋಡಬೇಕಾದದ್ದು ತೇವದ ಮೂಲವನ್ನಲ್ಲ, ಕಪಾಟು ನಿಂತಿರುವ ಜಾಗವನ್ನು: ಅದರ ಬೆನ್ನು ಹೊರಗೋಡೆಗೆ ಆನಿದೆಯೋ, ಒಂದು ಪಕ್ಕಕ್ಕೆ ಬಿಸಿಲು ಬೀಳುತ್ತಿದೆಯೋ, ತಳ ತಣ್ಣೆಲದ ಮೇಲಿದೆಯೋ ಎಂಬುದನ್ನು. ಫ್ಯಾನಿನ ಪರಮೋಪಕಾರ ಆವಿಯನ್ನು ಹಂಚುವುದಕ್ಕಿಂತ ಹೆಚ್ಚಾಗಿ ಶಾಖವನ್ನು ಸಮಗೊಳಿಸುವುದರಲ್ಲಿದೆಯೆಂದು ನಾನು ಭಾವಿಸುತ್ತೇನೆ.

ಆ ಫ್ಯಾನು ಹೇಗಿರಬೇಕು? ಗಣಕಯಂತ್ರಗಳಲ್ಲಿ ಬಳಸುವ ಅಂಗೈಯಗಲದ ಫ್ಯಾನು, ಅದೂ ಮಂದಗತಿಯದು, ತಾಸಿಗೆ ಕೆಲವೇ ನಿಮಿಷ ತಿರುಗಿದರೆ ಸಾಕು. ಎಡೆಬಿಡದೆ ತಿರುಗುವ ಫ್ಯಾನು ತಾನು ನುಂಗುವ ವಿದ್ಯುತ್ತನ್ನೆಲ್ಲ ಮುಚ್ಚಿದ ಕಪಾಟಿನೊಳಗೆ ಶಾಖವಾಗಿ ಬಿಡುತ್ತದೆ, ಶಾಖ ಏರಿದಂತೆಲ್ಲ ಸಾಪೇಕ್ಷ ಆರ್ದ್ರತೆ ಇಳಿಯುತ್ತದೆ. ಅದನ್ನು ತುಂಬಲು ಮತ್ತಷ್ಟು ನೀರು ಬೇಕಾಗುತ್ತದೆ. ಬೀಸು ನೇರವಾಗಿ ಸಿಗಾರಿನ ಮೈಗೆ ತಾಗಬಾರದು: ಗಾಳಿಯ ವೇಗ ಎಲೆಯ ಕಡೆಯ ಸ್ಥಿತಿಯನ್ನು ಬದಲಿಸದಿದ್ದರೂ ಕೊಡುಕೊಳೆಯ ವೇಗವನ್ನು ಹೆಚ್ಚಿಸುತ್ತದೆ, ಹೊರಹೊದಿಕೆ ಒಳತಿರುಳಿಗಿಂತ ಮುಂಚೆ ಹಿಗ್ಗುತ್ತದೆ ಅಥವಾ ಕುಗ್ಗುತ್ತದೆ, ಆ ವೈಷಮ್ಯದಿಂದಲೇ ಬಿರುಕು ಹುಟ್ಟುತ್ತದೆ. ಫ್ಯಾನಿಗಿಂತಲೂ ಮುಖ್ಯವಾದದ್ದು ದಾರಿ. ತಟ್ಟೆಗಳು ಇಡಿಯ ಹಲಗೆಯಾಗಿರದೆ ಪಟ್ಟಿಪಟ್ಟಿಯಾಗಿರಬೇಕು; ಬೆನ್ನ ಹಿಂದೆಯೂ ಪಕ್ಕಗಳಲ್ಲಿಯೂ ಎರಡು ಬೆರಳಿನಷ್ಟು ಅವಕಾಶ ಬಿಟ್ಟಿರಬೇಕು; ಸಿಗಾರಿನ ಡಬ್ಬಿಗಳನ್ನು ಗೋಡೆಯಂತೆ ಒತ್ತೊತ್ತಾಗಿ ಪೇರಿಸಿದ ಕಪಾಟಿನಲ್ಲಿ ಎಂತಹ ಯಂತ್ರವಿದ್ದರೂ ಪ್ರಯೋಜನವಿಲ್ಲ.

ತಂಪುಗೊಳಿಸುವ ಯಂತ್ರವುಳ್ಳ ಕಪಾಟುಗಳಲ್ಲಿ ಇನ್ನೊಂದು ತೊಡಕಿದೆ. ೨೦ ಡಿಗ್ರಿಯ, ಎಪ್ಪತ್ತರ ಆರ್ದ್ರತೆಯ ಗಾಳಿ ೧೪ ಡಿಗ್ರಿಗಿಂತ ತುಸು ಮೇಲಿರುವಾಗಲೇ ಇಬ್ಬನಿಯ ಬಿಂದುವನ್ನು ಮುಟ್ಟುತ್ತದೆ. ಯಂತ್ರದ ಶೀತಫಲಕ ಅದಕ್ಕಿಂತ ತಣ್ಣಗಿದ್ದರೆ ಗಾಳಿಯ ಆವಿ ಅಲ್ಲಿ ಹನಿಯಾಗಿ ಇಳಿದು ಹೊರಗೆ ಹರಿದುಹೋಗುತ್ತದೆ; ಒಂದು ಸಾಧನ ಕೊಟ್ಟದ್ದನ್ನು ಮತ್ತೊಂದು ಕಸಿದುಕೊಳ್ಳುತ್ತಿರುತ್ತದೆ. ದ್ರಾಕ್ಷಾರಸಕ್ಕೆಂದು ಮಾಡಿದ ಶೀತಕಗಳನ್ನು ಸಿಗಾರಿಗೆ ಬಳಸುವವರ ಮುಖ್ಯ ಗೋಳು ಇದೇ. ಫಲಕವನ್ನು ಅತಿಯಾಗಿ ತಣಿಸದೆ, ಅಗಲವಾದ ಫಲಕದಿಂದ ಮೃದುವಾಗಿ ತಣಿಸುವ ವಿನ್ಯಾಸವೊಂದೇ ಇದಕ್ಕೆ ತಕ್ಕ ಪರಿಹಾರ.

ಒಳಗಿನ ಗಾಳಿಯನ್ನು ಚಲಿಸುವಂತೆ ಮಾಡುವುದು ಬೇರೆ, ಹೊರಗಿನ ಗಾಳಿಯೊಡನೆ ಅದನ್ನು ವಿನಿಮಯ ಮಾಡುವುದು ಬೇರೆ. ಇವೆರಡನ್ನೂ ಒಂದೆಂದು ಎಣಿಸಿದ್ದರಿಂದ ಅನೇಕ ವಾದಗಳು ಹುಟ್ಟಿಕೊಂಡಿವೆ. ಹುದುಗಿದ ಎಲೆ ಸಿಗಾರಾದ ಮೇಲೂ ಅಲ್ಪಪ್ರಮಾಣದಲ್ಲಿ ಅಮೋನಿಯವನ್ನು ಬಿಡುತ್ತಿರುತ್ತದೆ. ಹೊಸದಾಗಿ ಸುತ್ತಿದ ಸಿಗಾರುಗಳನ್ನು ತುಂಬಿದ ಸಂಪುಟವನ್ನು ತೆರೆದಾಗ ಮೂಗಿಗೆ ಅದು ತಿಳಿಯುತ್ತದೆ. ಅದು ಹೊರಹೋಗಬೇಕು, ಆದರೆ ಎಲೆಯ ಸುಗಂಧವೂ ಅದರ ಬೆನ್ನುಹತ್ತಿ ಹೋಗುವಷ್ಟು ಬಾಗಿಲು ತೆರೆಯಬಾರದು. ವಾರಕ್ಕೋ ಹದಿನೈದು ದಿನಕ್ಕೋ ಒಮ್ಮೆ ಮುಚ್ಚಳವನ್ನು ಒಂದೆರಡು ನಿಮಿಷ ಎತ್ತಿಡುವುದು ಸಾಕಾಗುತ್ತದೆ, ಮತ್ತು ಹಾಗೆ ಎತ್ತುವುದರಿಂದ ಎಲೆಯ ನೀರಿಗೆ ನಷ್ಟವಿಲ್ಲವೆಂಬುದನ್ನು ಹಿಂದಿನ ಲೆಕ್ಕದಲ್ಲಿ ಕಂಡೆವು.

ಅಳೆಯುವ ವಿಷಯಕ್ಕೆ ಬಂದರೆ ಜಿನೀವಾ ನಗರವನ್ನು ನೆನೆಯಬೇಕು. ಎಣ್ಣೆ ತೆಗೆದ ಮನುಷ್ಯನ ತಲೆಗೂದಲು ತೇವದಲ್ಲಿ ನೂರಕ್ಕೆ ಎರಡು ಪಾಲಿಗೂ ಹೆಚ್ಚು ಹಿಗ್ಗುತ್ತದೆಂಬುದನ್ನು ಉಪಯೋಗಿಸಿ, ಆ ನಗರದ ವಿದ್ವಾಂಸ ಹೊರೇಸ್ ಬೆನೆಡಿಕ್ಟ್ ದ ಸೊಸ್ಸೂರ್ ನಿರ್ಮಿಸಿದ ಮಾಪಕದ ವಿವರ ೧೭೮೩ರಲ್ಲಿ ಪ್ರಕಟವಾಯಿತು. ಅದೇ ನಗರಕ್ಕೆ ಬಾಲ್ಯದಲ್ಲಿ ಕುಟುಂಬದೊಡನೆ ವಲಸೆ ಬಂದು, ಯೌವನದಲ್ಲಿ ಕ್ಯೂಬಾವನ್ನು ಕಂಡುಬಂದ ಜೀನೊ ಡೇವಿಡಾಫ್ ತಂದೆಯ ಅಂಗಡಿಯ ನೆಲಮಾಳಿಗೆಯಲ್ಲಿ ಸಿಗಾರಿಗೆಂದೇ ಹವೆಯನ್ನು ಹದಗೊಳಿಸಿದ ಉಗ್ರಾಣವನ್ನು ಏರ್ಪಡಿಸಿದನು. ಪೆಟ್ಟಿಗೆಗಳೊಡನೆ ಅಲಂಕಾರಕ್ಕೆಂಬಂತೆ ಬರುವ ಮುಳ್ಳಿನ ಮಾಪಕಗಳು ಹತ್ತು ಅಂಶದವರೆಗೂ ತಪ್ಪು ಹೇಳುವುದುಂಟು. ಸೀಸೆಯ ಮುಚ್ಚಳದಲ್ಲಿ ಅಡುಗೆಯ ಉಪ್ಪನ್ನು ಹಾಕಿ, ಕರಗದಷ್ಟು ಕೆಲವೇ ಹನಿ ನೀರಿನಿಂದ ಒದ್ದೆ ಮಾಡಿ, ಮಾಪಕದೊಡನೆ ಗಾಳಿಯಾಡದ ಡಬ್ಬಿಯಲ್ಲಿ ಒಂದು ಹಗಲಿರುಳು ಇಟ್ಟರೆ ಅದು ಎಪ್ಪತ್ತೈದನ್ನು ತೋರಿಸಬೇಕು. ತೋರಿಸಿದ ಅಂತರವನ್ನು ಗುರುತಿಟ್ಟುಕೊಂಡು ಮುಂದೆ ತಿದ್ದಿ ಓದಬಹುದು.

ಮಂಗಳೂರು ಉಡುಪಿಗಳ ಕರಾವಳಿಯಲ್ಲಿ ಮಳೆಗಾಲದ ಗಾಳಿ ದಿನವಿಡೀ ಎಂಬತ್ತೈದು ತೊಂಬತ್ತರ ಆರ್ದ್ರತೆಯಲ್ಲಿರುವಾಗ, ಯುರೋಪಿನ ಚಳಿಗಾಲಕ್ಕೆಂದು ಕಲ್ಪಿತವಾದ ಸ್ಪಂಜು ಗ್ಲೈಕಾಲುಗಳಿಂದ ಏನೂ ಆಗದು. ಅಲ್ಲಿ ಬೇಕಾದದ್ದು ತೇವವನ್ನು ಹೀರಬಲ್ಲ ಲವಣದ ಚೀಲ, ಅರವತ್ತೆರಡು ಅಥವಾ ಅರವತ್ತೈದರದು, ಮತ್ತು ಸಿಡಾರ್ ಹಲಗೆಯನ್ನು ಒಳಗಿಟ್ಟ ಗಾಳಿಯಾಡದ ಸಾಮಾನ್ಯ ಡಬ್ಬಿ. ಹಗಲು ತಣ್ಣಗಾಗಿ ರಾತ್ರಿ ಬೆಚ್ಚಗಾಗುವ ಹವಾನಿಯಂತ್ರಿತ ಕೋಣೆಗಿಂತ, ಶಾಖ ಕೊಂಚ ಹೆಚ್ಚಾದರೂ ಒಂದೇ ಸಮನಿರುವ ಒಳಕೋಣೆಯ ಕಪಾಟು ಉತ್ತಮ. ಶಾಖ ೨೪ ಡಿಗ್ರಿಯನ್ನು ದಾಟಿ ನಿಲ್ಲುವ ನಮ್ಮ ಊರುಗಳಲ್ಲಿ ಬೂಷ್ಟಿಗಿಂತಲೂ ಭಯಪಡಬೇಕಾದದ್ದು ಲಾಸಿಯೊಡರ್ಮಾ ಎಂಬ ಹೊಗೆಸೊಪ್ಪಿನ ಕೀಟಕ್ಕೆ. ಎರಡು ಮೂರು ಮಿಲಿಮೀಟರ್ ಉದ್ದದ ಈ ಕಂದುಹುಳು ಎಲೆಯೊಳಗೆ ಮೊಟ್ಟೆಯಾಗಿ ಅಡಗಿದ್ದು, ಬೆಚ್ಚಗಾದೊಡನೆ ಮರಿಯಾಗಿ, ಸಿಗಾರಿನಿಂದ ಸಿಗಾರಿಗೆ ಸೂಜಿಮೊನೆಯಂತಹ ತೂತುಗಳನ್ನು ಕೊರೆಯುತ್ತ ಸಾಗುತ್ತದೆ. ತೂತು ಕಂಡುಬಂದರೆ ಸಂಪುಟದ ಸಿಗಾರುಗಳನ್ನೆಲ್ಲ ಎರಡು ಪದರ ಚೀಲದಲ್ಲಿ ಬಿಗಿದು, ಸೊನ್ನೆಗಿಂತ ಇಪ್ಪತ್ತು ಡಿಗ್ರಿ ಕೆಳಗಿನ ಶೈತ್ಯದಲ್ಲಿ ಮೂರು ನಾಲ್ಕು ದಿನ ಇರಿಸಿ, ಅನಂತರ ಒಂದು ದಿನ ಸಾಧಾರಣ ಶೀತಕದಲ್ಲಿಟ್ಟು, ಚೀಲವನ್ನು ಬಿಚ್ಚದೆಯೇ ಕೋಣೆಯ ಶಾಖಕ್ಕೆ ತರಬೇಕು; ಬಿಚ್ಚಿದರೆ ತಣ್ಣನೆಯ ಎಲೆಯ ಮೇಲೆ ಹೊರಗಿನ ಆವಿ ಕೂಡಲೆ ಹನಿಗಟ್ಟುತ್ತದೆ.